ಗುಂಡಿ ಎಳೆದು ನೋಡುತ್ತಿದ್ದ ಡಾಕ್ಟರು

ಹೋದ ತಿಂಗಳು ಗೌರಿಬಿದನೂರಿನ ಬಸ್ಸಿನ ಕಂಡಕ್ಟರು ನಮ್ಮ ಆಸ್ಪತ್ರೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಒಳಗೆ ಬಂದು, ನಮ್ಮ ಹಳೆಯ ಡಾಕ್ಟರು ತೀರಿಕೊಂಡ ಸುದ್ದಿ ಹೇಳಿ ಹೋದ. ಕೇಳಿದ ಕೂಡಲೇ ನನ್ನ ಕೈ ತಾನಾಗಿಯೇ ಬಿಳಿ ಕೋಟಿನ ಮೇಲಿನ ಗುಂಡಿಯನ್ನು ಹಿಡಿದು ಎಳೆದು ನೋಡಿತು. ಗುಂಡಿ ಭದ್ರವಾಗಿತ್ತು. ಅವರ ಜೊತೆ ಕೆಲಸ ಮಾಡಿದ ಯಾರ ಗುಂಡಿಯೂ ಸಡಿಲವಾಗಿ ಉಳಿದದ್ದಿಲ್ಲ. ಸಡಿಲವಾದದ್ದು ಎಂದೋ ಅವರ ಕೈಗೆ ಬಂದುಬಿಟ್ಟಿರುತ್ತಿತ್ತು.

ಚಿಕ್ಕಬಳ್ಳಾಪುರದ ಪೇಟೆ ದಾಟಿದರೆ ಸಿಗುವ ನಮ್ಮ ಆಸ್ಪತ್ರೆ ದೊಡ್ಡದೇನಲ್ಲ. ಎರಡು ವಾರ್ಡು, ಒಂದು ಆಪರೇಷನ್ ಕೋಣೆ, ಹಿಂದೆ ಒಂದು ಬೇವಿನ ಮರ. ಆಪರೇಷನ್ ಕೋಣೆಯ ಯಜಮಾನಿಕೆ ನನ್ನದು. ಅಲ್ಲಿಯ ಕತ್ತರಿ ಚಿಮಟಗಳಿಗೆಲ್ಲ ನಾನೇ ತಾಯಿ. ಡಾಕ್ಟರು ಕೈಚಾಚಿದರೆ ಕೊಡುವವಳೂ ನಾನೇ, ಕೆಲಸ ಮುಗಿದ ಮೇಲೆ ಅವರ ಜೇಬಿನಿಂದ ವಾಪಸು ಕಸಿದುಕೊಳ್ಳುವವಳೂ ನಾನೇ. ಮನುಷ್ಯ ಮೂಳೆಯ ಕೆಲಸದಲ್ಲಿ ಎಷ್ಟು ನಿಖರವೋ ಉಳಿದದ್ದರಲ್ಲಿ ಅಷ್ಟೇ ಮರೆಗುಳಿ. ಒಂದು ಸಲ ಮನೆಗೆ ಊಟಕ್ಕೆ ಹೋಗಿ, ಚಮಚ ಎಂದುಕೊಂಡು ಜೇಬಿನಿಂದ ಮೂಳೆ ಕೆರೆಯುವ ಸಾಧನ ತೆಗೆದು ಉಪ್ಪಿನಕಾಯಿ ಬಡಿಸಿಕೊಳ್ಳಲು ಹೊರಟಿದ್ದರಂತೆ. ಅವರ ತಾಯಿ ಆ ಜಾಡಿಯ ಉಪ್ಪಿನಕಾಯಿಯನ್ನೆಲ್ಲ ತಿಪ್ಪೆಗೆ ಸುರಿದರು.

ಎತ್ತರದ ಆಳು, ಒಣಕಲು ಮೈ, ಕಿವಿಯಲ್ಲಿ ಕೂದಲು. ಏನನ್ನು ಕಂಡರೂ ಒಮ್ಮೆ ಹಿಡಿದು ಎಳೆದು ನೋಡಬೇಕು. ಕೂರುವ ಮುಂಚೆ ಕುರ್ಚಿಯ ಕಾಲು, ನೀರು ಸೇದುವವಳನ್ನು ನಿಲ್ಲಿಸಿ ಬಾವಿಯ ಹಗ್ಗ, ರೋಗಿಯ ನಾಡಿ ಹಿಡಿಯುವ ಮುಂಚೆ ಅವನ ಅಂಗಿಯ ಗುಂಡಿ. ಗುಂಡಿ ಕಿತ್ತುಬಂದರೆ ಅಪರಾಧಿಯನ್ನು ನೋಡುವ ಹಾಗೆ ಅದನ್ನು ನೋಡಿ, ರೋಗಿಯ ಅಂಗೈಯಲ್ಲಿಟ್ಟು, "ಒಂದೇ ಎಳೆಗೆ ಬಂತಲ್ಲಪ್ಪ" ಎನ್ನುತ್ತಿದ್ದರು. ನಾನು ಏನೇ ಹೇಳಲಿ, ಹಾಲಿನವನು ಒಳ್ಳೆಯವನು ಎನ್ನಲಿ, ಹೊಸ ಬಕೆಟ್ಟು ಗಟ್ಟಿಯಾಗಿದೆ ಎನ್ನಲಿ, ಅವರ ಪ್ರಶ್ನೆ ಒಂದೇ: "ಎಳೆದು ನೋಡಿದ್ರಾ ಸಿಸ್ಟರಮ್ಮ?"

ನನ್ನ ಮದುವೆಯೂ ಈ ಪರೀಕ್ಷೆಯಲ್ಲೇ ಪಾಸಾದದ್ದು. ನನ್ನೂರು ಚಿಂತಾಮಣಿ. ಅಪ್ಪ ಅಲ್ಲಿಂದ ಒಬ್ಬ ವರನನ್ನು ಹುಡುಕಿ, ನಿಮ್ಮ ಡಾಕ್ಟರೂ ಒಂದು ಸಲ ನೋಡಲಿ ಎಂದು ಆಸ್ಪತ್ರೆಗೇ ಕರೆತಂದರು. ವರ ಪಾಪ ಹೊಸ ಕೋಟು ಹಾಕಿಕೊಂಡು ಬೆವರುತ್ತ ನಿಂತಿದ್ದರು. ಡಾಕ್ಟರು ಓದೇನು, ಸಂಬಳವೇನು ಒಂದೂ ಕೇಳದೆ ಹತ್ತಿರ ಹೋಗಿ ಕೋಟಿನ ಗುಂಡಿ ಎಳೆದರು. ಬಂದುಬಿಟ್ಟಿತು. ವರ ಸಿಟ್ಟಾಗಲಿಲ್ಲ, ನಾಚಲೂ ಇಲ್ಲ. "ಇನ್ನೊಂದೂ ಹಾಗೇ ಇದೆ ಸಾರ್, ಅದನ್ನೂ ತಗೊಳ್ಳಿ" ಎಂದರು. ಡಾಕ್ಟರು ಅಪ್ಪನ ಕಡೆ ತಿರುಗಿ, "ದರ್ಜಿ ಸರಿಯಿಲ್ಲ, ಹುಡುಗ ಪರವಾಗಿಲ್ಲ. ಕೊಡಿ" ಎಂದರು. ಆ ವರನನ್ನೇ ಮದುವೆಯಾದೆ. ಡಾಕ್ಟರ ತೀರ್ಮಾನ ಸರಿಯಾಗಿತ್ತು. ಗುಂಡಿ ಹೊಲಿಯುವ ಕೆಲಸ ಮಾತ್ರ ಇಂದಿಗೂ ನನ್ನ ಪಾಲಿಗೇ ಇದೆ.

ಹೊರರೋಗಿಗಳ ಕೋಣೆಯಲ್ಲಿ ಆಸ್ಪತ್ರೆ ಕಟ್ಟಿಸಿದ ಪುಣ್ಯಾತ್ಮರ ದೊಡ್ಡ ಫೋಟೋ ಒಂದೇ ಮೊಳೆಗೆ ನೇತುಬಿದ್ದಿತ್ತು. ಬಾಗಿಲು ಬಡಿದಾಗಲೆಲ್ಲ ಅದು ಒಂದು ಕಡೆಗೆ ವಾಲುತ್ತಿತ್ತು. ದಿನಾ ಬೆಳಿಗ್ಗೆ ಡಾಕ್ಟರು ಬಂದವರೇ, "ಯಜಮಾನ್ರಿಗೆ ಇವತ್ತೂ ತೂಕಡಿಕೆ" ಎಂದು ಅದನ್ನು ನೆಟ್ಟಗೆ ಮಾಡಿ ಕೆಲಸಕ್ಕೆ ಕೂರುತ್ತಿದ್ದರು. ಈ ಫೋಟೋ ನೆನಪಿರಲಿ, ಮುಂದೆ ಅದಕ್ಕೂ ಕೆಲಸವಿದೆ.

ಅವರ ವಿದ್ಯೆಯ ಬಗ್ಗೆ ಬರೆಯುವಷ್ಟು ನಾನು ಓದಿದವಳಲ್ಲ. ಒಬ್ಬ ದರ್ಜಿಯ ಹಿಮ್ಮಡಿಯ ಕಥೆ ಹೇಳಿದರೆ ಅವರು ಎಂಥವರೆಂದು ನಿಮಗೇ ಗೊತ್ತಾಗುತ್ತದೆ. ನಡೆದು ಹತ್ತು ವರ್ಷವಾಗಿರಬಹುದು.

ದರ್ಜಿಯ ಹೆಸರು ಗಫೂರ್ ಸಾಬರು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಅವರ ಅಂಗಡಿ. ಅಂಗಡಿ ಎಂದರೆ ಒಂದು ಕಾಲುಮೆಷಿನ್ನು, ಒಂದು ಬೆಂಚು, ಗೋಡೆಗೊಂದು ಕನ್ನಡಿ. ರಂಜಾನ್ ಉಪವಾಸದ ಕೊನೆಯ ಸಂಜೆ ಚಂದ್ರನನ್ನು ನೋಡಲು ಮಾಳಿಗೆ ಹತ್ತಿದ್ದರು. ಎಷ್ಟೋ ತಿಂಗಳ ಮೇಲೆ ಅವರು ಕುಂಟುತ್ತ ನಮ್ಮಲ್ಲಿಗೆ ಬಂದಾಗ ಡಾಕ್ಟರು ಏನಾಯಿತೆಂದು ಕೇಳಿದರು.

"ಚಾಂದ್ ಕಾಣಿಸ್ತು ಡಾಕ್ಟರ್ ಸಾಬ್. ಎಲ್ಲರಿಗಿಂತ ಮೊದ್ಲು ನಾನೇ ನೋಡ್ದೆ. ಖುಷಿಗೆ ಒಂದು ಹೆಜ್ಜೆ ಹಿಂದೆ ಇಟ್ಟೆ, ಅಲ್ಲಿ ಮಾಳಿಗೆ ಮುಗಿದೋಗಿತ್ತು. ಮೊದ್ಲು ಚಂದ್ರ ನೋಡ್ದೆ, ಆಮೇಲೆ ನಕ್ಷತ್ರ ಎಲ್ಲಾ ನೋಡ್ದೆ."

ಬಲಗಾಲಿನ ಹಿಮ್ಮಡಿಯ ಮೂಳೆ ಪುಡಿಯಾಗಿ, ನಾಟಿ ಕಟ್ಟಿನಲ್ಲಿ ಹೇಗೋ ಕೂಡಿಕೊಂಡಿತ್ತು. ಮೂಳೆ ಕೂಡಿದರೂ ಅದಕ್ಕೆ ತಾಗಿದ ಕೀಲು ಕೆಟ್ಟಿತ್ತು. ಕಲ್ಲು ಹರಳಿನ ಮೇಲೆ ಕಾಲಿಟ್ಟರೆ ಜೀವ ಬಾಯಿಗೆ ಬರುತ್ತಿತ್ತು. ಮೆಷಿನ್ ತುಳಿದರೆ ಒಂದು ಲಂಗ ಮುಗಿಯುವಷ್ಟರಲ್ಲಿ ಪಾದ ಊದುತ್ತಿತ್ತು. ಬೆಂಗಳೂರಿನಲ್ಲಿ ಯಾರೋ ನೋಡಿ, ಆ ಜಾಗದ ಕೀಲುಗಳನ್ನೆಲ್ಲ ಒಟ್ಟಿಗೆ ಬೆಸೆದುಬಿಟ್ಟರೆ ನೋವಿರುವುದಿಲ್ಲ ಎಂದಿದ್ದರಂತೆ. ನೋವಿರುತ್ತಿರಲಿಲ್ಲ, ನಿಜ. ಆದರೆ ಪಾದ ಹಲಗೆಯ ಹಾಗೆ ನಿಂತುಬಿಟ್ಟರೆ ಮೆಷಿನ್ ತುಳಿಯುವುದು ಹೇಗೆ? ಸಾಬರ ಹತ್ತಿರ ಆ ಮೆಷಿನ್ನು ಬಿಟ್ಟರೆ ಬೇರೆ ಅನ್ನವಿರಲಿಲ್ಲ.

ಡಾಕ್ಟರು ಕಾಲನ್ನು ಅತ್ತಿತ್ತ ತಿರುಗಿಸಿ ನೋಡಿ, "ಕಾಲು ತೋರಿಸಿದ್ದಾಯ್ತು. ಮುಂದಿನ ಸಲ ಮೆಷಿನ್ ತಗೊಂಬನ್ನಿ" ಎಂದರು. ಸಾಬರು ತಮಾಷೆ ಎಂದುಕೊಂಡರು. ತಮಾಷೆಯಲ್ಲ ಎಂದು ನಾನು ಹೇಳಬೇಕಾಯಿತು. ಮುಂದಿನ ವಾರ ಶಿಡ್ಲಘಟ್ಟದ ಕಡೆಯಿಂದ ಬರುವ ನಮ್ಮ ಸಣ್ಣ ರೈಲಿನಲ್ಲಿ ಸಾಬರೂ ಮೆಷಿನ್ನೂ ಬಂದಿಳಿದರು. ಸ್ಟೇಷನ್ನಿಂದ ಜಟಕಾದಲ್ಲಿ ಮೆಷಿನ್ನನ್ನು ಕೂರಿಸಿ, ತಾವು ಪಕ್ಕದಲ್ಲಿ ಅದನ್ನು ಹೊಸ ಸೊಸೆಯ ಹಾಗೆ ಹಿಡಿದುಕೊಂಡು ಬಂದರು.

ಡಾಕ್ಟರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪೆಡಲಿನ ಪಕ್ಕಕ್ಕೆ ಮುಖವಿಟ್ಟು, ಸಾಬರ ಪಾದವನ್ನೇ ನೋಡುತ್ತ ಕೂತರು. ಹೊರಗೆ ರೋಗಿಗಳ ಸಾಲು ಬೆಳೆಯಿತು. ಕೊನೆಗೆ ಎದ್ದು ಪಂಚೆ ಕೊಡವಿಕೊಂಡರು.

"ಸಾಬ್ರೇ, ನಿಮ್ಮ ಕಾಲಲ್ಲಿ ಎರಡು ಕೀಲಿದಾವೆ. ಮೇಲಿಂದು ಮೆಷಿನ್‌ದು, ಪಾದನ ಮೇಲೆ ಕೆಳಗೆ ಆಡ್ಸುತ್ತೆ. ಅದರ ಕೆಳಗಿಂದು ಕಲ್ಲುದಾರೀದು, ಪಾದನ ಆ ಕಡೆ ಈ ಕಡೆ ವಾಲ್ಸುತ್ತೆ. ಕೆಟ್ಟಿರೋದು ದಾರೀದು. ಅದನ್ನ ಬೆಸೆದ್ಬಿಡೋಣ. ಮೆಷಿನ್‌ದನ್ನ ಮುಟ್ಟೋದು ಬೇಡ."

"ಕಲ್ಲುದಾರಿಗೆ ಏನ್ಮಾಡ್ಲಿ ಸಾಬ್?"

"ನೋಡ್ಕೊಂಡು ನಡೀರಿ. ಇನ್ಮೇಲೆ ಆಕಾಶ ನೋಡ್ಕೊಂಡು ನಡೀಬೇಡಿ."

ಬೆಸೆಯುವುದು ಬಾಯಲ್ಲಿ ಹೇಳುವಷ್ಟು ಸುಲಭವಲ್ಲ. ಕೀಲಿನ ಎರಡು ಕಡೆಯ ನುಣುಪನ್ನು ಕೆರೆದು ತೆಗೆದು, ಹಸಿ ಮೂಳೆಗೆ ಹಸಿ ಮೂಳೆ ತಾಗಿಸಿ, ಅಲುಗದ ಹಾಗೆ ಹಿಡಿದಿಡಬೇಕು. ಆಗ ಎರಡೂ ಕೂಡಿ ಒಂದಾಗುತ್ತವೆ, ಅದಕ್ಕೆ ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಹಿಡಿದಿಡುವವರು ಯಾರು? ಪ್ಲಾಸ್ಟರ್ ಹೊರಗಿನಿಂದ ಹಿಡಿಯುತ್ತದೆ. ಒಳಗಿನಿಂದ ಹಿಡಿಯಲು ನನ್ನ ಬೀರುವಿನಲ್ಲಿ ಎರಡು ಬಗೆಯ ಸಾಮಾನಿತ್ತು. ಒಂದು, ಎರಡು ಕಾಲಿನ ಬಾಗಿದ ಮೊಳೆ. ಇನ್ನೊಂದು, ಉದ್ದನೆಯ ಉಕ್ಕಿನ ಸ್ಕ್ರೂ. ಡಾಕ್ಟರು ಎರಡನ್ನೂ ಸಾಬರ ಅಂಗೈಯಲ್ಲಿಟ್ಟು, "ಇವು ನಿಮ್ಮ ಗುಂಡುಸೂಜಿ ಇದ್ದ ಹಾಗೆ. ಹೊಲಿಗೆ ಹಾಕೋದು ಭಗವಂತ. ಹೊಲಿಗೆ ಮುಗಿಯೋವರೆಗೂ ಬಟ್ಟೆ ಜಾರಬಾರದು, ಅಷ್ಟೇ" ಎಂದು ಹೇಳಿದರು. ಸಾಬರಿಗೆ ಅದು ಒಂದೇ ಮಾತಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಕೇಳಬಾರದ ಪ್ರಶ್ನೆ ಕೇಳಿದರು.

"ಇದ್ರಲ್ಲಿ ಯಾವ್ದು ಗಟ್ಟಿ ಸಾಬ್?"

ಡಾಕ್ಟರು ಎರಡನ್ನೂ ಮತ್ತೆ ತಮ್ಮ ಕೈಗೆ ತೆಗೆದುಕೊಂಡರು. ಅವರಿಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಅದೂ ಇತ್ತು, ಇದೂ ಇತ್ತು. ಎಳೆದು ನೋಡಿರಲಿಲ್ಲ.

ಮರುದಿನದಿಂದ ನನ್ನ ಗ್ರಹಚಾರ ಶುರುವಾಯಿತು. ಕುರಿಯ ಹಿಂಗಾಲಿನ ಗೆಣ್ಣಿನಲ್ಲಿ ನಮ್ಮ ಹಿಮ್ಮಡಿಯ ಹಾಗೆಯೇ ಎರಡು ಮೂಳೆ ಒಂದರ ಮೇಲೊಂದು ಕೂತಿರುತ್ತವಂತೆ. ಡಾಕ್ಟರು ತಾವೇ ಕಸಾಯಿ ಅಂಗಡಿಗೆ ಹೋಗಿ ಬಾಷಾನಿಗೆ ಹಿಂಗಾಲು ಬೇಕೆಂದರು. ಬಾಷಾನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಡಿ ಮನೆತನದ ಡಾಕ್ಟರು, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ತಾಯಿಯ ಮಗ, ಕೊನೆಗೂ ತನ್ನ ಅಂಗಡಿ ಮೆಟ್ಟಿಲು ಹತ್ತಿದರು! ಅವನು ಕಾಲುಗಳನ್ನು ಕೆಂಡದಲ್ಲಿ ಸುಟ್ಟು, ಕೂದಲು ಕೆರೆದು, ಸಾರಿಗೆ ಹದವಾಗಿ ಗೆಣ್ಣು ಗೆಣ್ಣಿಗೇ ತುಂಡು ಹಾಕಿ, ಮುತ್ತುಗದ ಎಲೆಯಲ್ಲಿ ಕಟ್ಟಿ, ಮೇಲೆ ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನೂ ಇಟ್ಟು ಕಳಿಸಿದ.

"ಗೆಣ್ಣೇ ಬೇಕಾಗಿತ್ತು ಕಣಯ್ಯಾ, ಅದನ್ನೇ ಕಡಿದಿದ್ದೀಯಲ್ಲ!" ಎಂದು ಡಾಕ್ಟರು ಮತ್ತೆ ಹೋಗಿ ಕೂಗಾಡಿದರು.

"ಇಡೀ ಹಾಕಿದ್ರೆ ಬೇಯಲ್ಲ ಸಾಮೀ" ಎಂದ ಬಾಷಾ ಕನಿಕರದಿಂದ. ಹೊಸದಾಗಿ ತಿನ್ನುವವರಿಗೆ ಏನು ಗೊತ್ತಾಗುತ್ತದೆ ಎಂಬುದು ಅವನ ಭಾವ. ಪೇಟೆಯೆಲ್ಲ ಸುದ್ದಿಯಾಯಿತು. ಹಸಿ ಕಾಲು ಹಿಡಿದುಕೊಂಡು ಡಾಕ್ಟರು ಆಸ್ಪತ್ರೆಗೆ ಬರುವಾಗ ಹಿಂದೆ ನಾಯಿಗಳ ಮೆರವಣಿಗೆ. ಸುದ್ದಿಗೆ ಅದೇ ಡಂಗೂರ.

ಬೇವಿನ ಮರದ ಕೊಂಬೆಗೆ ಕಾಲು ಕಟ್ಟಿ, ಗೆಣ್ಣಿಗೆ ಒಮ್ಮೆ ಬಾಗಿದ ಮೊಳೆ, ಇನ್ನೊಮ್ಮೆ ಸ್ಕ್ರೂ ಹಾಕಿ, ಕೆಳಗೆ ಗೂಡಿನ ವ್ಯಾಪಾರಿಯಿಂದ ತಂದ ತೂಕದ ಕಲ್ಲುಗಳನ್ನು ಒಂದೊಂದಾಗಿ ತೂಗುಹಾಕಿದರು. ಎರಡೂ ತಡೆದವು. ಇನ್ನು ಮುಗಿಯಿತಲ್ಲ ಎಂದು ನಾನು ಕೈತೊಳೆಯಲು ಹೊರಟೆ.

"ಎಲ್ಲಿಗೆ? ಒಂದ್ಸಲ ಎಳೆದ್ರೆ ಎಲ್ಲಾನೂ ತಡಿಯುತ್ತೆ ಸಿಸ್ಟರಮ್ಮ. ಮನುಷ್ಯ ಒಂದೇ ಹೆಜ್ಜೆ ನಡೀತಾನೇನು? ದಿನಾ ಆಡ್ಸಿದ್ರೆ ಏನಾಗುತ್ತೆ ಅದು ನೋಡ್ಬೇಕು."

ದಿನಾ ಆಡಿಸುವ ಯಂತ್ರ ಮನೆಬಾಗಿಲಿಗೇ ಬಂದು ಕೂತಿತ್ತಲ್ಲ! ಹಿಂದಿನ ಜಗುಲಿಯಲ್ಲಿ ಮರದ ಚೌಕಟ್ಟು ಹೊಡೆಸಿ, ಕುರಿಗಾಲಿನ ಮೇಲ್ಭಾಗವನ್ನು ಅದಕ್ಕೆ ಬಿಗಿದು, ಕೆಳಭಾಗವನ್ನು ಸಾಬರ ಮೆಷಿನ್ನಿನ ಪೆಡಲಿಗೆ ಕಟ್ಟಿದರು. ಪೆಡಲು ತುಳಿದಷ್ಟು ಸಲವೂ ಗೆಣ್ಣು ಒಂದು ಸಲ ಜಗ್ಗುತ್ತಿತ್ತು. ತುಳಿಯಲು ಕೂತವರು ಸಾಬರೇ, ತಮ್ಮ ಒಳ್ಳೆಯ ಎಡಗಾಲಿನಿಂದ. ತನ್ನ ಬಲಗಾಲಿನ ಹಣೆಬರಹವನ್ನು ಎಡಗಾಲಿನಲ್ಲಿ ತುಳಿದು ನೋಡಿದ ಬೇರೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಸ್ವಲ್ಪ ಹೊತ್ತು ತುಳಿದ ಸಾಬರು ಚಡಪಡಿಸಿದರು. "ಓಡೋ ಮೆಷಿನ್ನ ಖಾಲಿ ಓಡ್ಸೋದು ಪಾಪ ಸಿಸ್ಟರಮ್ಮಾ. ಏನಾದ್ರೂ ಬಟ್ಟೆ ಇದ್ರೆ ಕೊಡಿ."

ಆಸ್ಪತ್ರೆಯ ಉಗ್ರಾಣದಲ್ಲಿ ಕೋರಾ ಬಟ್ಟೆಯ ಥಾನುಗಳಿದ್ದವು. ಕೊಟ್ಟೆ. ಅವತ್ತಿನಿಂದ ಸಾಬರು ದಿಂಬಿನ ಕವರು ಹೊಲಿಯುತ್ತ ಮೂಳೆಯ ಪರೀಕ್ಷೆ ನಡೆಸಿದರು. ಡಾಕ್ಟರಿಗೆ ಅದೇ ಅಳತೆಗೋಲಾಯಿತು. ನಡುನಡುವೆ ಬಂದು, "ಎಷ್ಟು ಕವರಾಯ್ತು? ಅಲುಗಿತಾ?" ಎಂದು ಕೇಳುತ್ತಿದ್ದರು. ಬಾಗಿದ ಮೊಳೆಯ ಆಯಸ್ಸು ಒಂದು ಡಜನ್ ಕವರಿಗೇ ಮುಗಿಯಿತು. ಮೊಳೆ ಮುರಿಯಲಿಲ್ಲ. ಅದು ಕೂತಿದ್ದ ತೂತೇ ದೊಡ್ಡದಾಗಿ, ಹಲ್ಲು ಅಲುಗಿದ ಹಾಗೆ ಅಲುಗತೊಡಗಿತು. "ನೋಡಿದ್ರಾ, ಸೋಲೋದು ಉಕ್ಕಲ್ಲ, ಅದನ್ನ ಹಿಡ್ಕೊಂಡಿರೋ ಮೂಳೆ" ಎಂದರು ಡಾಕ್ಟರು. ಸ್ಕ್ರೂ ಅದಕ್ಕಿಂತ ಚೆನ್ನಾಗಿ ತಡೆಯಿತು, ಬಿರುಕೂ ಬಿಡಲಿಲ್ಲ. ಆದರೆ ಹೊಲಿಯುತ್ತ ಹೊಲಿಯುತ್ತ ಕೆಳಗಿನ ಮೂಳೆ ಸ್ಕ್ರೂವಿನ ಸುತ್ತ ಮೆಲ್ಲಗೆ ತಿರುಗಿ ಓರೆಯಾಗಿ ನಿಂತಿತು. ಡಾಕ್ಟರು ತಲೆ ಕೆರೆದುಕೊಂಡರು.

ಇಂಥ ಹೊತ್ತಿನಲ್ಲೇ ಅವರ ತಾಯಿ ಜಟಕಾದಲ್ಲಿ ಬಂದಿಳಿದದ್ದು. ಪೇಟೆಯ ಸುದ್ದಿ ಅಡುಗೆಮನೆಗೂ ತಲುಪಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರವಾಗಿ ಹಿಂದಿನ ಜಗುಲಿಗೆ ಬಂದ ಅವರು, ಚೌಕಟ್ಟಿನಲ್ಲಿ ನೇತಾಡುವ ಕುರಿಗಾಲು, ಹೊಲಿಯುತ್ತಿರುವ ಸಾಬರು, ಪಕ್ಕದಲ್ಲಿ ಕೈಗೆಲ್ಲ ಕೊಬ್ಬು ಮೆತ್ತಿಕೊಂಡ ಮಗ, ಎಲ್ಲವನ್ನೂ ಒಂದು ಸುತ್ತು ನೋಡಿದರು.

"ತಿಂದಿದ್ರೆ ತಲೆಗೆ ನೀರು ಹುಯ್ದು ಒಳಗೆ ಕರ್ಕೋತಿದ್ದೆ ಕಣೋ. ತಿನ್ನೋರಿಗೆ ಪ್ರಾಯಶ್ಚಿತ್ತ ಇದೆ. ಇದಕ್ಕೆ ಮೊಳೆ ಹೊಡೆದು ಮೆಷಿನ್ನಿಗೆ ಕಟ್ಟಿರೋರಿಗೆ ಏನು ಅಂತ ಯಾವ ಶಾಸ್ತ್ರಿನ ಕೇಳ್ಲಿ?"

ಹೊರಡುವಾಗ ಸಿಟ್ಟಿನಲ್ಲಿ ಬಾಗಿಲು ಧಡಾರನೆ ಎಳೆದುಕೊಂಡರು. ಡಾಕ್ಟರು ಅವರ ಹಿಂದೆಯೇ ಓಡಿದವರು ಹೊರರೋಗಿಗಳ ಕೋಣೆಯಲ್ಲಿ ಗಕ್ಕನೆ ನಿಂತರು. ಗೋಡೆಯ ಮೇಲೆ ಯಜಮಾನರ ಫೋಟೋ ಓರೆಯಾಗಿತ್ತು. ಒಂದೇ ಮೊಳೆಯ ಸುತ್ತ ತಿರುಗಿ, ಕುರಿಯ ಮೂಳೆಯ ಹಾಗೆಯೇ ವಾಲಿ ನಿಂತಿತ್ತು. ಎಷ್ಟೋ ವರ್ಷದಿಂದ ದಿನಾ ಕೈಯಲ್ಲಿ ನೆಟ್ಟಗೆ ಮಾಡುತ್ತಿದ್ದವರು ಅವತ್ತು ಅದನ್ನು ಮೊದಲ ಸಲ ನೋಡಿದರು.

"ಸಿಸ್ಟರಮ್ಮ, ಸುತ್ತಿಗೆ!"

ಇನ್ನೊಂದು ಮೊಳೆ ಹೊಡೆದು, ಬಾಗಿಲನ್ನು ತಾವೇ ಮೂರು ನಾಲ್ಕು ಸಲ ಬಡಿದು ನೋಡಿದರು. ಯಜಮಾನರು ಜಪ್ಪಯ್ಯ ಎನ್ನಲಿಲ್ಲ. ಹೊರಗೆ ಜಟಕಾ ಹತ್ತಿದ್ದ ತಾಯಿ, ಮಗ ತನ್ನ ಮೇಲಿನ ಸಿಟ್ಟಿಗೆ ಬಾಗಿಲು ಬಡಿಯುತ್ತಿದ್ದಾನೆ ಎಂದುಕೊಂಡು ಎರಡು ದಿನ ಮಾತು ಬಿಟ್ಟರಂತೆ.

ಜಗುಲಿಗೆ ಮರಳಿ ಬಂದು ಇನ್ನೊಂದು ಕುರಿಗಾಲಿಗೆ ಎರಡು ಸ್ಕ್ರೂ ಹಾಕಿದರು. ಒಂದು ಹೀಗೆ ಓರೆ, ಒಂದು ಹಾಗೆ ಓರೆ, ತುದಿಗಳು ಒಂದಕ್ಕೊಂದು ದೂರ. ಸಾಬರು ತುಳಿದರು. ಒಂದು ದಿನ ತುಳಿದರು, ಮರುದಿನವೂ ತುಳಿದರು. ಉಗ್ರಾಣದ ಕೋರಾ ಬಟ್ಟೆ ಮುಗಿಯಿತು, ಮೂಳೆ ಮಾತ್ರ ಅಲುಗಲಿಲ್ಲ. ಡಾಕ್ಟರು ಹಿಡಿದು ಎಳೆದರು, ತಿರುಚಿದರು, ಕೊನೆಗೆ ನನಗೂ ಎಳೆಯಲು ಹೇಳಿದರು. ಆ ಕಾಲದ ದಿಂಬಿನ ಕವರುಗಳು ಇವತ್ತಿಗೂ ನಮ್ಮ ವಾರ್ಡಿನಲ್ಲಿವೆ.

ಸಾಬರ ಕಾಲಿಗೆ ಹೊಂದುವ ಉದ್ದದ ಸ್ಕ್ರೂ ನನ್ನ ಬೀರುವಿನಲ್ಲಿ ಒಂದೇ ಇತ್ತು. ಜೊತೆಯದನ್ನು ತರಲು ಡಾಕ್ಟರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ನಂದಿ ಸ್ಟೇಷನ್ನಿನಲ್ಲಿ ಕೊಂಡ ದ್ರಾಕ್ಷಿ ಬುಟ್ಟಿಯೊಂದಿಗೆ ಸಂಜೆ ಬಂದರು. ಸ್ಕ್ರೂ ದ್ರಾಕ್ಷಿಯ ಅಡಿಯಲ್ಲಿತ್ತು. ತೊಳೆದು ಕುದಿಸುವಾಗ ನಾನು ಅವರನ್ನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ, ಮೂರು ತಿಂಗಳು ಕಾಲು ಊರಬಾರದು, ಮೆಷಿನ್ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿ ಸಾಬರನ್ನು ಶಿಡ್ಲಘಟ್ಟಕ್ಕೆ ಕಳಿಸಿದರು. ಅವರ ಮೇಲೆ ನಂಬಿಕೆ ಸಾಲದೆ ಮೆಷಿನ್ನನ್ನು ನಮ್ಮ ಜಗುಲಿಯಲ್ಲೇ ಒತ್ತೆ ಇಟ್ಟುಕೊಂಡರು. ನನಗೂ ಸಮಾಧಾನವಾಯಿತು. ಆದರೆ ನಾವಿಬ್ಬರೂ ಪಂಚಾಂಗ ನೋಡಿರಲಿಲ್ಲ. ಸಾಬರ ಪ್ಲಾಸ್ಟರ್ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಮತ್ತೆ ರಂಜಾನ್ ಬಂತು.

ಹಬ್ಬ ಕಳೆದ ನಾಲ್ಕನೇ ದಿನ ಸಾಬರು ಊರುಗೋಲು ಹಿಡಿದು ಬಂದರು. ಪ್ಲಾಸ್ಟರ್ ಪಾದದ ಹತ್ತಿರ ಅಡ್ಡಕ್ಕೆ ಸೀಳಿತ್ತು.

"ಏನಾಯ್ತು ಸಾಬ್ರೇ?" ಎಂದೆ.

"ಮಳೆ ಬಂತು ಸಿಸ್ಟರಮ್ಮಾ. ನೆಂದೋಯ್ತು."

ಆ ವಾರ ಎಲ್ಲೂ ಒಂದು ಹನಿ ಬಿದ್ದಿರಲಿಲ್ಲ. ನಾನು ಬಗ್ಗಿ ನೋಡಿದೆ. ಸೀಳಿನ ಒಳಗೆ ಹಸಿರು ಸ್ಯಾಟಿನ್ನಿನ ಎಳೆ, ಮಕ್ಕಳ ಟೋಪಿಗೆ ಹಾಕುವ ಜರಿಯ ಚೂರು, ಮಿಣುಕುವ ಒಂದು ಚಮಕಿ. "ಪ್ಲಾಸ್ಟರ್ ಒಳಗೆ ಮಳೆ ಜೊತೆ ಜರೀನೂ ಬಂತಾ?" ಎಂದು ಕೇಳಿದ ಮೇಲೆ ಅವರು ತಲೆ ತಗ್ಗಿಸಿದರು. ಪಕ್ಕದ ಮನೆಯ ಮೆಷಿನ್ ಎರವಲು ತಂದು, ಹಬ್ಬದ ಮುಂಚಿನ ವಾರವೆಲ್ಲ ಬೆಳಗಿನಿಂದ ಸಂಜೆಯವರೆಗೆ ಹೊಲಿದಿದ್ದರು. ಎಡಗಾಲಿನಲ್ಲಿ ಶುರುಮಾಡಿದ್ದರಂತೆ. ಕೆಲಸ ಜಾಸ್ತಿಯಾದಾಗ ಯಾವ ಕಾಲು ತುಳಿಯುತ್ತಿದೆ ಎಂಬುದು ಅವರಿಗೇ ಮರೆತುಹೋಗಿತ್ತು.

ಡಾಕ್ಟರು ಬಂದರು, ಸೀಳನ್ನು ನೋಡಿದರು, ಪ್ಲಾಸ್ಟರ್ ಕತ್ತರಿಗೆ ಕೈಚಾಚಿದರು. ನನಗೆ ನಿಜವಾಗಿ ಭಯವಾಯಿತು. ಒಳಗೆ ಮೂಳೆ ಜಾರಿದ್ದರೆ ಮತ್ತೆ ಕೂಡಿಸುವುದು ಕಷ್ಟ. ಆಮೇಲೆ ಉಳಿಯುವುದು ಬೆಂಗಳೂರಿನವರು ಹೇಳಿದ ದಾರಿಯೊಂದೇ, ಮೆಷಿನ್ ನಮ್ಮ ಜಗುಲಿಯಲ್ಲಿ ತುಕ್ಕು ಹಿಡಿಯಬೇಕಾಗುತ್ತಿತ್ತು. ಪ್ಲಾಸ್ಟರ್ ಕತ್ತರಿಸಿದೆವು. ಹಿಮ್ಮಡಿ ಬೆಳ್ಳಗೆ, ಒಣಗಿಕೊಂಡು, ಮಗುವಿನದರ ಹಾಗೆ ಕಾಣುತ್ತಿತ್ತು. ಡಾಕ್ಟರು ಒಂದು ಕೈಯಲ್ಲಿ ಗೆಣ್ಣು ಹಿಡಿದು ಇನ್ನೊಂದು ಕೈ ಹಿಮ್ಮಡಿಗೆ ಹಾಕಿದರು.

ಮೆಲ್ಲಗೆ ಎಳೆದರು. ಆ ಕಡೆ, ಈ ಕಡೆ ವಾಲಿಸಿ ನೋಡಿದರು. ಹಿಮ್ಮಡಿ ಕೂತಲ್ಲೇ ಕೂತಿತ್ತು. ಆಮೇಲೆ ತೆಗೆಸಿದ ಎಕ್ಸರೆ ಚಿತ್ರದಲ್ಲಿ ಎರಡು ಸ್ಕ್ರೂಗಳು ಹಾಕಿದ ದಿನದಂತೆಯೇ ಓರೆಯಾಗಿ, ಒಂದಕ್ಕೊಂದು ಮುಖ ತಿರುಗಿಸಿಕೊಂಡು ಜಗಳವಾಡಿದ ಅತ್ತೆ ಸೊಸೆಯರ ಹಾಗೆ ನಿಂತಿದ್ದವು. ಕೀಲಿನ ಗೆರೆ ಆಗಲೇ ಅಳಿಸತೊಡಗಿತ್ತು.

ಡಾಕ್ಟರು ಸ್ಟೂಲಿನ ಮೇಲೆ ಕುಸಿದು ಕೂತರು, ಅದರ ಕಾಲು ಎಳೆದು ನೋಡದೆಯೇ. ಆಮೇಲೆ ಬೈಗುಳ ಶುರುವಾಯಿತು. ಕನ್ನಡ ಸಾಲದೆ ತೆಲುಗಿಗೂ ಹೋದರು. "ಬುದ್ಧಿ ಉಂದಾ ನೀಕು? ಇದೆಯೇನ್ರೀ ಬುದ್ಧಿ? ಕುರಿಕಾಲಲ್ಲಿ ತೋರಿಸ್ಲಿಲ್ವೇನ್ರೀ ನಿಮ್ಗೆ? ಸಾಕಾಗ್ಲಿಲ್ಲ ಅಂತ ನಿಮ್ಮ ಕಾಲಲ್ಲೇ ಎಳೆದು ನೋಡಿದ್ರಾ? ಒಂದೇ ಸ್ಕ್ರೂ ಹಾಕಿದ್ದಿದ್ರೆ..."

ಸಾಬರು ಕೈಮುಗಿದರು. "ಏನ್ಮಾಡ್ಲಿ ಸಾಬ್. ನಮ್ಮ ಬೀದಿ ಮಕ್ಳು ಈದ್ ದಿನ ಹಳೇ ಬಟ್ಟೇಲಿ ನನ್ನ ಬಾಗ್ಲ ಮುಂದೆ ಹೋದ್ರೆ ನಾನು ದರ್ಜಿ ಅಂತ ಹೆಂಗೆ ಹೇಳ್ಕೊಳ್ಲಿ?"

ಡಾಕ್ಟರು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು. ನಾನೂ ಕಣ್ಣೊರೆಸಿಕೊಂಡೆ, ಯಾಕೆ ಮುಚ್ಚಿಡಲಿ. ಹೊಸ ಪ್ಲಾಸ್ಟರ್ ಹಾಕಿದೆವು. ಈ ಸಲ ಮೆಷಿನ್ನಿನ ಜೊತೆ ಸಾಬರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಂಡೆವು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಸಾಬರು ತಮ್ಮ ಮೆಷಿನ್ನಿನಲ್ಲಿ, ತಮ್ಮ ಬಲಗಾಲಿನಲ್ಲಿ, ಮೊದಲು ಹೊಲಿದದ್ದು ಡಾಕ್ಟರಿಗೊಂದು ಬಿಳಿ ಅಂಗಿ. ಅದನ್ನು ಅವರಿಗೆ ತೊಡಿಸಿ, ಎದೆಯುಬ್ಬಿಸಿ ನಿಂತು, "ಈಗ ಎಳೀರಿ ಸಾಬ್" ಎಂದರು. ಡಾಕ್ಟರು ತಮ್ಮ ಗುಂಡಿಯನ್ನು ತಾವೇ ಎಳೆದರು. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟವರ ಹಾಗೆ ಮತ್ತೆ ಎಳೆದರು. ಬರಲಿಲ್ಲ. "ಭೇಷ್! ಹೆಂಗೆ ಹೊಲ್ದ್ರಿ?" ಎಂದು ಕೇಳಿದರು.

"ನೀವು ಹೊಲ್ದಂಗೇ ಸಾಬ್. ಒಂದು ಹಿಂಗೆ ಓರೆ, ಒಂದು ಹಂಗೆ ಓರೆ."

ಮುಂದೆ ಕೆಲವು ವರ್ಷಕ್ಕೆ ವಯಸ್ಸಾಯಿತೆಂದು ಡಾಕ್ಟರು ಕೆಲಸ ಬಿಟ್ಟು, ಗೌರಿಬಿದನೂರಿನ ತಂಗಿಯ ಮನೆಗೆ ಹೋಗಿ ನೆಲೆಸಿದರು. ಹೊರಡುವ ದಿನ ಸಾಲಾಗಿ ನಿಂತ ನಮ್ಮೆಲ್ಲರ ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡುತ್ತ ಬಂದರು. ಒಂದೂ ಕಿತ್ತುಬರಲಿಲ್ಲ. ಹಿಂದಿನ ಸಂಜೆ ನಾವೆಲ್ಲ ಕೂತು ಹೊಸದಾಗಿ ಹೊಲಿದುಕೊಂಡಿದ್ದೆವು. ಮನುಷ್ಯನಿಗೆ ಸ್ವಲ್ಪ ನಿರಾಸೆಯಾಗಿರಬೇಕು. "ಇನ್ನು ನನಗೇನು ಕೆಲ್ಸ ಇಲ್ಲಿ" ಎಂದು ನಗುತ್ತ ಬಸ್ಸು ಹತ್ತಿದರು.

ಕಂಡಕ್ಟರು ತಂದ ಸುದ್ದಿಯನ್ನು ನಾನು ಶಿಡ್ಲಘಟ್ಟಕ್ಕೆ ಹೇಳಿಕಳಿಸಿದೆ. ಮರುದಿನ ಗಫೂರ್ ಸಾಬರು ಬಂದರು, ಇಬ್ಬರೂ ಗೌರಿಬಿದನೂರಿನ ಬಸ್ಸು ಹಿಡಿದೆವು. ಬಸ್ಸಿಳಿದು ಮನೆಗೆ ಹೋಗುವ ದಾರಿಯೆಲ್ಲ ಜಲ್ಲಿಕಲ್ಲು. ಸಾಬರು ನೆಲ ನೋಡಿಕೊಂಡು, ಬಲ ಹಿಮ್ಮಡಿಯನ್ನು ಗಟ್ಟಿಯಾಗಿ ಊರುತ್ತ ನನಗಿಂತ ಮುಂದೆ ನಡೆದರು. ಬಸ್ಸಿನಲ್ಲೂ ದಾರಿಯಲ್ಲೂ ಅವರು ಅಳಲಿಲ್ಲ. ಹಳೆಯ ತಮಾಷೆಗಳನ್ನೇ ನೆನೆದು ನಗಿಸುತ್ತಿದ್ದರು, ನಾಯಿಗಳ ಮೆರವಣಿಗೆ, ಬಾಷಾನ ಕೊತ್ತಂಬರಿ ಸೊಪ್ಪು.

ಡಾಕ್ಟರ ತಂಗಿ ನಮ್ಮನ್ನು ಅವರ ಕೋಣೆಗೆ ಕರೆದೊಯ್ದರು. ಮಂಚ, ಕುರ್ಚಿ, ಗೂಟಕ್ಕೆ ನೇತುಹಾಕಿದ ಒಂದು ಬಿಳಿ ಅಂಗಿ. "ಹೊಸಾವು ಎಷ್ಟೋ ಹೊಲಿಸಿದ್ವಮ್ಮ. ಇದನ್ನ ಬಿಡ್ಲೇ ಇಲ್ಲ. ಕಾಲರ್ ಹರಿದ್ರೆ ತಿರುಗಿಸಿ ಹಾಕ್ಸಿದ್ರು, ತೋಳು ಹರಿದ್ರೆ ತೇಪೆ ಹಾಕ್ಸಿದ್ರು" ಎಂದರು ಆಕೆ.

ಗಫೂರ್ ಸಾಬರು ಗೂಟದ ಹತ್ತಿರ ಹೋದರು. ಬಟ್ಟೆ ತೊಳೆದು ತೊಳೆದು ಆಚೆ ಕಡೆಯ ಗೋಡೆ ಕಾಣುವಷ್ಟು ತೆಳ್ಳಗಾಗಿತ್ತು. ಸಾಬರು ಮೇಲಿನ ಗುಂಡಿಯನ್ನು ಬೆರಳಲ್ಲಿ ಹಿಡಿದು ಎಳೆದರು. ಅದರ ಕೆಳಗಿನದನ್ನೂ ಎಳೆದರು. ಕೊನೆಯದರವರೆಗೂ ಒಂದೊಂದನ್ನೇ ಎಳೆದು ನೋಡಿ ನನ್ನ ಕಡೆ ತಿರುಗಿದರು.

"ಬಟ್ಟೆ ಹೋಗಿದೆ ಸಿಸ್ಟರಮ್ಮಾ. ಗುಂಡಿ ಎಲ್ಲಾ ಇದಾವೆ" ಎಂದವರೇ, ಆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟರು.